ಕಡಲಾಮೆಯ ಗೂಡು, ಕೌಂಟಿಯ ಖಜಾನೆ: ನಿಗಾ ವೆಚ್ಚವನ್ನು ಭರಿಸಬೇಕಾದವರು ಯಾರು?

ಅಮೆರಿಕದ ಫ್ಲಾರಿಡಾ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ 1995ರಲ್ಲಿ ಒಂದು ವಿಚಿತ್ರ ಶೀರ್ಷಿಕೆಯ ಮೊಕದ್ದಮೆ ದಾಖಲಾಯಿತು. ‘ಲಾಗರ್‌ಹೆಡ್ ಆಮೆ ವಿರುದ್ಧ ವೊಲೂಶಿಯಾ ಕೌಂಟಿಯ ಮಂಡಳಿ’ ಎಂಬುದು ಅದರ ಹೆಸರು. ಆಮೆಯ ಜೊತೆಯಲ್ಲಿ ದಾವೆ ಹೂಡಿದವರು ಆ ಊರಿನ ಇಬ್ಬರು ನಿವಾಸಿಗಳಾದರೂ ಫಿರ್ಯಾದಿಗಳ ಸಾಲಿನಲ್ಲಿ ಮೊದಲ ಸ್ಥಾನ ಆಮೆಯದೇ ಆಗಿತ್ತು. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲಾ ಪಂಚಾಯಿತಿಯಂತಹ, ಆದರೆ ಅದಕ್ಕಿಂತ ಹೆಚ್ಚಿನ ತೆರಿಗೆ ಅಧಿಕಾರವುಳ್ಳ ಸ್ಥಳೀಯ ಸಂಸ್ಥೆ. ಈ ಮೊಕದ್ದಮೆಯ ತರುವಾಯ ಆ ಕೌಂಟಿಯ ಆಯವ್ಯಯದಲ್ಲಿ ಹೊಸ ಖರ್ಚೊಂದು ಕಾಯಂ ಆಗಿ ಬಂದು ನೆಲೆಸಿತು. ಅದೇ ಕಡಲಾಮೆಗಳ ಗೂಡುಗಳ ಮೇಲಿನ ನಿಗಾ ವೆಚ್ಚ.

ಈ ವೆಚ್ಚವನ್ನು ಕುರಿತು ಅಮೆರಿಕದ ಆಗ್ನೇಯ ಕರಾವಳಿಯ ಸ್ಥಳೀಯ ಸಂಸ್ಥೆಗಳಲ್ಲಿ ಇಂದಿಗೂ ಚರ್ಚೆ ನಿಂತಿಲ್ಲ. ಪರಿಸರದ ಮಾತಾಗಿ ಇದನ್ನು ಓದುವವರು ಬಹಳ ಮಂದಿ ಇದ್ದಾರೆ. ಇದು ಮೂಲತಃ ಲೆಕ್ಕಪತ್ರದ ಪ್ರಶ್ನೆಯೂ ಹೌದು ಎಂಬುದು ಈ ಲೇಖಕನ ಅಭಿಪ್ರಾಯ. ಸರಕಾರದ ಪರವಾನಗಿಯ ಷರತ್ತುಗಳಿಗೆ ಬದ್ಧರಾಗಿ ಉದ್ದಿಮೆ ನಡೆಸುವ ನಮ್ಮ ಸದಸ್ಯರಿಗೆ ಇದರಲ್ಲಿ ಗಮನಿಸತಕ್ಕ ಅಂಶಗಳು ಹಲವಿವೆ.

ಕಾನೂನಿನ ಹಿನ್ನೆಲೆ

ಅಮೆರಿಕದ ವಿನಾಶದ ಅಂಚಿನ ಪ್ರಭೇದಗಳ ಕಾಯಿದೆ ಜಾರಿಗೆ ಬಂದದ್ದು 1973ರಲ್ಲಿ. ಲಾಗರ್‌ಹೆಡ್ ಎಂಬ ದೊಡ್ಡ ತಲೆಯ ಕಡಲಾಮೆಯನ್ನು 1978ರಲ್ಲಿ ಅದರ ಪಟ್ಟಿಗೆ ಸೇರಿಸಲಾಯಿತು. ಪಟ್ಟಿಯಲ್ಲಿರುವ ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಅದಕ್ಕೆ ಹಾನಿ ಅಥವಾ ಉಪದ್ರವ ಉಂಟುಮಾಡುವುದೂ ಅಪರಾಧ. ಹಾನಿ ಮಾಡುವ ಉದ್ದೇಶವಿಲ್ಲದೆ ನ್ಯಾಯಬದ್ಧ ಕೆಲಸವನ್ನೇ ಮಾಡುವಾಗ ಹಾನಿಯಾದರೆ ಏನು ಗತಿ? ಇದಕ್ಕಾಗಿ 1982ರಲ್ಲಿ ತಿದ್ದುಪಡಿ ತಂದು, ‘ಆನುಷಂಗಿಕ ಹಾನಿ’ಯ ಪರವಾನಗಿ ಎಂಬ ಏರ್ಪಾಡನ್ನು ಮಾಡಿದರು. ಅರ್ಜಿದಾರನು ಸಂರಕ್ಷಣಾ ಯೋಜನೆಯೊಂದನ್ನು ಸಲ್ಲಿಸಬೇಕು. ಹಾನಿಯನ್ನು ಸಾಧ್ಯವಾದಷ್ಟು ತಗ್ಗಿಸುವ ಕ್ರಮಗಳು ಅದರಲ್ಲಿರಬೇಕು. ಲೆಕ್ಕಿಗರ ಗಮನ ಸೆಳೆಯುವುದು ಮುಂದಿನ ಮಾತು. ಆ ಯೋಜನೆಗೆ ಸಾಕಷ್ಟು ಹಣ ಒದಗಿಸುವ ಭರವಸೆಯನ್ನು ಅರ್ಜಿದಾರನು ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಷರತ್ತು ಪಾಲಿಸದಿದ್ದರೆ ಪರವಾನಗಿ ರದ್ದು.

ಹೀಗಾಗಿ ನಿಗಾ ವೆಚ್ಚವೆಂಬುದು ಮಂಡಳಿಯ ಸದಸ್ಯರು ವರ್ಷ ವರ್ಷವೂ ಮನಸ್ಸಿಗೆ ಬಂದಂತೆ ಹೆಚ್ಚು ಕಡಿಮೆ ಮಾಡಬಹುದಾದ ಅನುದಾನವಲ್ಲ. ವಾದವಿವಾದಗಳಲ್ಲಿ ಪದೇ ಪದೇ ಮರೆಯಾಗುವ ಸಂಗತಿ ಇದೇ.

ವೊಲೂಶಿಯಾದ ಕಥೆ

ಡೇಟೋನಾ ಬೀಚ್ ಇರುವುದು ಈ ಕೌಂಟಿಯಲ್ಲಿ. ಇಲ್ಲಿನ ಮರಳು ಗಟ್ಟಿ. ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಜನರು ಕಡಲತೀರದ ಮೇಲೆಯೇ ಮೋಟಾರು ಓಡಿಸಿಕೊಂಡು ಬಂದಿದ್ದಾರೆ. ಮೊದಮೊದಲು ಕಾರುಗಳ ಪಂದ್ಯಗಳು ನಡೆದದ್ದೂ ಇದೇ ಮರಳಿನ ಮೇಲೆ. ಪ್ರವಾಸಿಗರನ್ನು ಸೆಳೆಯುವ ಮುಖ್ಯ ಆಕರ್ಷಣೆಯೂ ಅದೇ, ಪ್ರವೇಶ ಶುಲ್ಕದ ಮೂಲಕ ಕೌಂಟಿಗೆ ವರಮಾನ ತರುವುದೂ ಅದೇ. ಆದರೆ ಬೇಸಿಗೆಯ ರಾತ್ರಿಗಳಲ್ಲಿ ಹೆಣ್ಣಾಮೆಗಳು ಮೊಟ್ಟೆಯಿಡಲು ಹತ್ತಿ ಬರುವುದು ಇದೇ ತೀರಕ್ಕೆ. ಮರಿಗಳು ಗೂಡಿನಿಂದ ಕಡಲಿಗೆ ಹೋಗುವಾಗ ಚಕ್ರದ ಜಾಡಿನ ಹಳ್ಳಕ್ಕೆ ಬಿದ್ದರೆ ಏಳಲಾರವು.

1995ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಗೂಡು ಕಟ್ಟುವ ಕಾಲದಲ್ಲಿ ರಾತ್ರಿ ವಾಹನ ಸಂಚಾರಕ್ಕೆ ತಡೆಯಾಜ್ಞೆ ನೀಡಿತು. ವಾಹನ ಸಂಚಾರ ಸಂಪೂರ್ಣವಾಗಿ ನಿಲ್ಲುವ ಭೀತಿ ಎದುರಾದಾಗ ಕೌಂಟಿಯು ಸಂರಕ್ಷಣಾ ಯೋಜನೆ ಸಿದ್ಧಪಡಿಸಿ, 1996ರ ನವೆಂಬರ್‌ನಲ್ಲಿ ಪರವಾನಗಿ ಪಡೆಯಿತು. 2005ರಲ್ಲಿ ಅದನ್ನು ದೀರ್ಘಾವಧಿಗೆ ನವೀಕರಿಸಲಾಯಿತು. ಷರತ್ತುಗಳು ಸ್ಥೂಲವಾಗಿ ಇಂತಿವೆ: ಮರಳ ದಿಬ್ಬದ ಬುಡದಲ್ಲಿ ವಾಹನಗಳಿಗೆ ನಿಷಿದ್ಧವಾದ ಪಟ್ಟಿ, ಮೇ 1ರಿಂದ ಅಕ್ಟೋಬರ್ 31ರವರೆಗೆ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ ಸಂಚಾರ, ಪ್ರತಿ ಬೆಳಿಗ್ಗೆ ವಾಹನಗಳನ್ನು ಬಿಡುವ ಮೊದಲು ತೀರದ ಪರಿಶೀಲನೆ, ಕಂಡ ಗೂಡುಗಳಿಗೆ ಗೂಟ ನೆಟ್ಟು ಗುರುತು, ಮರಿಗಳು ಹೊರಡುವ ವೇಳೆಗೆ ಚಕ್ರದ ಹಳ್ಳಗಳನ್ನು ಸಮ ಮಾಡುವುದು.

ಮೊಕದ್ದಮೆ ಅಲ್ಲಿಗೆ ಮುಗಿಯಲಿಲ್ಲ. ವಾಹನಗಳಿಗಾಗಿ ಪಡೆದ ಪರವಾನಗಿಯು ತೀರದ ಕಟ್ಟಡಗಳ ದೀಪಗಳಿಂದಾಗುವ ಹಾನಿಗೆ ರಕ್ಷಣೆ ಕೊಡುವುದಿಲ್ಲವೆಂದು 1998ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. (ಮರಿಗಳು ಬೆಳಕನ್ನು ಕಡಲೆಂದು ಭ್ರಮಿಸಿ ರಸ್ತೆಯತ್ತ ಹೋಗುತ್ತವೆ.) ಇಂತಹ ದಾವೆಯ ಪರಿಣಾಮವಾಗಿ ಎದುರು ಪಕ್ಷ ತನ್ನ ನಡವಳಿಕೆ ಬದಲಿಸಿಕೊಂಡರೆ ಅಂತಿಮ ತೀರ್ಪು ಇಲ್ಲದಿದ್ದರೂ ಫಿರ್ಯಾದಿಯು ವಕೀಲರ ಶುಲ್ಕ ಕೇಳಬಹುದೆಂಬ ತತ್ತ್ವವನ್ನು ಅದೇ ನ್ಯಾಯಾಲಯ 2002ರಲ್ಲಿ, ಇದೇ ಮೊಕದ್ದಮೆಯಲ್ಲಿ, ಎತ್ತಿಹಿಡಿಯಿತು. ಷರತ್ತು ಪಾಲಿಸದೆ ಉಳಿಸಿದ ಹಣದ ಎದುರಿಗೆ ತನ್ನ ವಕೀಲರ ಶುಲ್ಕ ಮತ್ತು ಎದುರಾಳಿಯ ವಕೀಲರ ಶುಲ್ಕ ಎರಡನ್ನೂ ಬರೆದುಕೊಳ್ಳಬೇಕಾಗುವ ಸಂಭವ ಇದರಿಂದ ಉಂಟಾಯಿತು. ನಮ್ಮ ವೃತ್ತಿಯ ಭಾಷೆಯಲ್ಲಿ ಇದು ಸಂಭಾವ್ಯ ಹೊಣೆ. ಆಸ್ತಿ-ಹೊಣೆ ಪಟ್ಟಿಯ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಕುಳಿತಿರುವ, ಯಾರೂ ಓದದ ಆ ಸಾಲು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಅದೇ ಕೌಂಟಿ 2002ರಲ್ಲಿ ಪಾನ್ಸ್ ಇನ್‌ಲೆಟ್ ಎಂಬಲ್ಲಿ ಸಾಗರ ವಿಜ್ಞಾನ ಕೇಂದ್ರವನ್ನು ತೆರೆಯಿತು. ಗಾಯಗೊಂಡ ಆಮೆಗಳಿಗೆ ಅಲ್ಲಿ ಚಿಕಿತ್ಸೆ. ಪ್ರವಾಸಿಗರು ಟಿಕೆಟ್ ಪಡೆದು ನೋಡಲು ಬಂದರು. ವೆಚ್ಚದ ಬಾಬಿನಿಂದ ಕೊಂಚವಾದರೂ ವರಮಾನ ಹುಟ್ಟಿಸಿದ ಜಾಣತನ ಮೆಚ್ಚತಕ್ಕದ್ದು.

ಮರಳು ತುಂಬುವ ಕಾಮಗಾರಿ

ಪರವಾನಗಿಗೆ ಎರಡನೆಯ ದಾರಿಯೂ ಉಂಟು, ಮತ್ತು ಹಣದ ಜಗಳ ಹೆಚ್ಚಾಗಿ ನಡೆಯುವುದು ಅಲ್ಲಿಯೇ. ಕೊರೆದು ಹೋದ ಕಡಲತೀರಕ್ಕೆ ಸಮುದ್ರದ ತಳದಿಂದ ಮರಳು ಎತ್ತಿ ತಂದು ಹರಡುವುದು ಫ್ಲಾರಿಡಾ ಮತ್ತು ಉತ್ತರ ಕೆರೊಲಿನಾಗಳಲ್ಲಿ ನಿತ್ಯದ ಕಾಮಗಾರಿ. ಇದಕ್ಕೆ ಸೇನಾ ಎಂಜಿನಿಯರುಗಳ ದಳದ ಅನುಮತಿ ಬೇಕು. ಆ ದಳವು ವನ್ಯಜೀವಿ ಇಲಾಖೆಯ ಅಭಿಪ್ರಾಯ ಪಡೆಯಬೇಕು. ಆ ಅಭಿಪ್ರಾಯದಲ್ಲಿ ಬರೆದ ಷರತ್ತುಗಳು ಕಟ್ಟಕಡೆಗೆ ಕೌಂಟಿಯ ಹೆಗಲೇರುತ್ತವೆ.

ಷರತ್ತುಗಳನ್ನು ಓದಿದರೆ ವೆಚ್ಚ ಎಲ್ಲಿಂದ ಹುಟ್ಟುತ್ತದೆಂಬುದು ತಿಳಿಯುತ್ತದೆ. ಅಧಿಕೃತ ಅನುಮತಿಯುಳ್ಳ, ತರಬೇತಿ ಪಡೆದ ವ್ಯಕ್ತಿಯು ದಿನವೂ ಮುಂಜಾನೆ ತೀರದುದ್ದಕ್ಕೂ ಸಾಗಿ, ರಾತ್ರಿ ಆಮೆ ಹತ್ತಿ ಇಳಿದ ಜಾಡನ್ನು ನೋಡಿ, ಮೊಟ್ಟೆಯಿಟ್ಟಿದೆಯೋ ಬರಿದೇ ಹಿಂದಿರುಗಿದೆಯೋ ಎಂಬುದನ್ನು ನಿರ್ಧರಿಸಬೇಕು. ಕಾಮಗಾರಿಯ ಹಾದಿಯಲ್ಲಿ ಸಿಲುಕುವ ಗೂಡುಗಳನ್ನು ಬೆಳಿಗ್ಗೆ 9ರ ಒಳಗೆ ಬೇರೆಡೆಗೆ ಸಾಗಿಸಬೇಕು. ಮರಿಗಳು ಹೊರಟು ಮೂರು ದಿನವಾದ ಮೇಲೆ ಗೂಡನ್ನು ಅಗೆದು, ಒಡೆದ ಚಿಪ್ಪೆಷ್ಟು, ಒಡೆಯದ ಮೊಟ್ಟೆಯೆಷ್ಟು ಎಂದು ಎಣಿಸಿ ಬರೆದಿಡಬೇಕು. ವರ್ಷಾಂತ್ಯದ ದಾಸ್ತಾನು ಎಣಿಕೆಗೂ ಇದಕ್ಕೂ ವ್ಯತ್ಯಾಸ ಹೆಚ್ಚಿಲ್ಲ!

ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಯಂತ್ರಗಳು ಹರಡಿದ ಮರಳು ಗಟ್ಟಿಯಾದರೆ ಆಮೆಗೆ ತೋಡಲಾಗದು. ಆದ್ದರಿಂದ ಕಾಮಗಾರಿಯ ನಂತರದ ಮೂರು ವರ್ಷ, ಗೂಡು ಕಟ್ಟುವ ಕಾಲಕ್ಕೆ ಮುನ್ನ ಮರಳಿನ ಗಡಸುತನವನ್ನು ಅಳೆಯುವ ಪದ್ಧತಿಯನ್ನು ಫ್ಲಾರಿಡಾದಲ್ಲಿ ವಿಧಿಸಲಾಯಿತು. ಚದರ ಅಂಗುಲಕ್ಕೆ 500 ಪೌಂಡಿನ ಮಿತಿಯನ್ನು ಮೀರಿದರೆ ಟ್ರಾಕ್ಟರು ಹೂಡಿ ಕಡಲತೀರವನ್ನೇ ಉಳಬೇಕು. ಅಲೆ ಕೊರೆದು 18 ಅಂಗುಲಕ್ಕಿಂತ ಎತ್ತರವಾಗಿ 100 ಅಡಿ ಉದ್ದಕ್ಕೆ ಮರಳಿನ ಗೋಡೆ ಎದ್ದರೆ ಅದನ್ನು ಸಮಮಾಡಬೇಕು. ಗುತ್ತಿಗೆದಾರನು ಬಿಲ್ಲು ಪಡೆದು ಹೊರಟುಹೋದ ಮೇಲೂ ವರ್ಷಗಟ್ಟಲೆ ಉಳಿಯುವ ಖರ್ಚು ಇದು. ಟೆಂಡರಿನಲ್ಲಿ ಕಾಣುವುದು ಮರಳಿನ ದರ. ಬಾಲದಂತೆ ಹಿಂಬಾಲಿಸುವ ಈ ವೆಚ್ಚ ಅನೇಕ ಸಲ ಆಯವ್ಯಯದ ಚರ್ಚೆಯ ದಿನವೇ ಮೊದಲ ಬಾರಿಗೆ ಎಲ್ಲರ ಕಣ್ಣಿಗೆ ಬೀಳುತ್ತದೆ.

ಗೂಡೊಂದಕ್ಕೆ ಎಷ್ಟು ಬಿತ್ತು?

ಇಂತಹ ಚರ್ಚೆಗಳಲ್ಲಿ ತಪ್ಪದೆ ಕೇಳಿಬರುವ ವಾದವೊಂದಿದೆ. ಒಟ್ಟು ನಿಗಾ ವೆಚ್ಚವನ್ನು ಗೂಡುಗಳ ಸಂಖ್ಯೆಯಿಂದ ಭಾಗಿಸಿ, ‘ಒಂದು ಗೂಡಿಗೆ ಇಷ್ಟು ಹಣವೇ?’ ಎಂದು ಕೇಳುವುದು. ಕೇಳುವವರಿಗೆ ತಕ್ಷಣ ನಾಟುವ ವಾದ ಇದು. ಆದರೆ ಪರಿವ್ಯಯ ಲೆಕ್ಕದ ಪ್ರಥಮ ಪಾಠವನ್ನು ಓದಿದವರು ಇದನ್ನು ಒಪ್ಪಲಾರರು.

ವಿವರಣೆಗಾಗಿ ಮಾತ್ರ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಮೇ 1ರಿಂದ ಅಕ್ಟೋಬರ್ 31ರವರೆಗೆ 184 ದಿನ. ದಿನದ ಪರಿಶೀಲನೆಗೆ ರೂ. 5,000 ಎಂದಿಟ್ಟುಕೊಂಡರೆ ಒಟ್ಟು ರೂ. 9,20,000. ಆ ವರ್ಷ 40 ಗೂಡುಗಳು ಕಂಡರೆ ಗೂಡಿಗೆ ರೂ. 23,000, 400 ಕಂಡರೆ ರೂ. 2,300. ಕೆಲಸಗಾರನು ನಡೆದ ದೂರ ಎರಡೂ ವರ್ಷ ಒಂದೇ. ಗುರುತು ಹಾಕುವ, ಅಗೆದು ಎಣಿಸುವ ಖರ್ಚು ಮಾತ್ರ ಗೂಡಿನ ಜೊತೆ ಏರಿಳಿಯುತ್ತದೆ. ಉಳಿದದ್ದೆಲ್ಲ ಸ್ಥಿರ ವೆಚ್ಚ. ಗೂಡುಗಳೇ ಇಲ್ಲದ ವರ್ಷದಲ್ಲಿ ಇವುಗಳ ಘಟಕ ವೆಚ್ಚ ಅನಂತ! ಕೌಂಟಿಯು ಈ ಹಣ ತೆತ್ತು ಕೊಳ್ಳುತ್ತಿರುವುದು ಗೂಡನ್ನಲ್ಲ. ಕಾರು ಓಡಿಸುವ, ಮರಳು ತುಂಬುವ ಅನುಮತಿಯನ್ನು. ಆದ್ದರಿಂದ ಭಾಗಿಸಬೇಕಾದರೆ ಆ ಅನುಮತಿಯಿಂದ ಬರುವ ವರಮಾನದೊಡನೆ, ಅಥವಾ ಒಟ್ಟು ಕಾಮಗಾರಿಯ ಮೊತ್ತದೊಡನೆ ಹೋಲಿಸುವುದು ನ್ಯಾಯ.

ಹಾಗೆಂದು ಆಕ್ಷೇಪಿಸುವವರದೆಲ್ಲ ಹಟವೆಂದು ತಳ್ಳಿಹಾಕುವಂತಿಲ್ಲ. ಸ್ಥಿರ ವೆಚ್ಚದ ಸ್ವಭಾವವೇ ಸಣ್ಣವರಿಗೆ ಭಾರವಾಗುವುದು. ನೂರಾರು ಹೋಟೆಲುಗಳಿರುವ ಕೌಂಟಿಗೆ ಲೆಕ್ಕಕ್ಕಿಲ್ಲದ ಮೊತ್ತ, ನಾಲ್ಕಾರು ಮೈಲಿ ತೀರವುಳ್ಳ ಪುಟ್ಟ ಪಟ್ಟಣಕ್ಕೆ ಹೊರೆ. ಅನೇಕ ಕಡೆ ಸ್ವಯಂಸೇವಕರೇ ಈ ಕೆಲಸವನ್ನು ನಿರ್ವಹಿಸುತ್ತಾರೆ. ಉತ್ತರ ಕೆರೊಲಿನಾದಲ್ಲಂತೂ ರಾಜ್ಯದ ವನ್ಯಜೀವಿ ಆಯೋಗದ ಅನುಮತಿಯಡಿ ಇದು ದೊಡ್ಡ ಪರಂಪರೆಯೇ ಆಗಿದೆ. ಪುಕ್ಕಟೆ ಸೇವೆಯ ಮೇಲೆ ಕಾನೂನಿನ ಹೊಣೆಯನ್ನು ನಿಲ್ಲಿಸುವುದು ಎಷ್ಟು ಕ್ಷೇಮ ಎಂಬುದು ಬೇರೆಯೇ ಪ್ರಶ್ನೆ. ಸ್ವಯಂಸೇವಕನು ಒಂದು ದಿನ ಬಾರದಿದ್ದರೆ ಷರತ್ತು ಮುರಿಯುವವನು ಅವನಲ್ಲ, ಪರವಾನಗಿದಾರನು. ನಮ್ಮ ಅಂಗಡಿಗಳ ಲೆಕ್ಕ ಬರೆಯುವ ಭಾವಮೈದುನನ ಹಾಗೆ. ಸಂಬಳವಿಲ್ಲವೆಂಬುದು ಅನುಕೂಲ, ಗಡುವು ಮೀರಿದರೆ ದಂಡ ನಮಗೆ.

ಹಣದ ಮೂಲ

ಹೊರೆಯನ್ನು ಯಾರ ಮೇಲೆ ಹಾಕಬೇಕು? ಫ್ಲಾರಿಡಾದಲ್ಲಿ ಮುಖ್ಯವಾಗಿ ಮೂರು ಮೂಲಗಳ ಮಾತು ಬರುತ್ತದೆ.

ಒಂದನೆಯದು ಎಲ್ಲರ ಆಸ್ತಿ ತೆರಿಗೆಯಿಂದ ತುಂಬುವ ಸಾಮಾನ್ಯ ನಿಧಿ. ಕಡಲಿನಿಂದ ಬಹುದೂರ ಒಳನಾಡಿನಲ್ಲಿರುವ ರೈತನು ತೀರದ ಖರ್ಚಿಗೆ ಏಕೆ ತೆರಬೇಕೆಂಬ ಪ್ರಶ್ನೆ ಏಳುವುದು ಸಹಜ. ಎರಡನೆಯದು ಹೋಟೆಲು ಕೊಠಡಿಗಳ ಬಾಡಿಗೆಯ ಮೇಲಿನ ಪ್ರವಾಸೋದ್ಯಮ ಅಭಿವೃದ್ಧಿ ತೆರಿಗೆ. ಜಿಎಸ್‌ಟಿ ಬರುವ ಮುನ್ನ ನಮ್ಮಲ್ಲಿದ್ದ ಐಷಾರಾಮಿ ತೆರಿಗೆಗೆ ಇದನ್ನು ಹೋಲಿಸಬಹುದು. ವ್ಯತ್ಯಾಸವೆಂದರೆ ಇದರ ಹಣವನ್ನು ಶಾಸನದಲ್ಲಿ ಪಟ್ಟಿ ಮಾಡಿದ ಉದ್ದೇಶಗಳಿಗೆ ಮಾತ್ರ ಬಳಸಬೇಕು. ಕಡಲತೀರದ ಸುಧಾರಣೆ, ನಿರ್ವಹಣೆ, ಮರಳು ತುಂಬುವುದು, ಕೊರೆತ ತಡೆಯುವುದು ಆ ಪಟ್ಟಿಯಲ್ಲಿವೆ. ಆಮೆಯ ಹೆಸರಿಲ್ಲ. ಹೀಗಿರುವಾಗ ಮರಳು ತುಂಬುವ ಪರವಾನಗಿಯ ಷರತ್ತಾಗಿ ಬಂದ ನಿಗಾ ವೆಚ್ಚವನ್ನು ಕಾಮಗಾರಿಯ ಅಂಗವೆಂದು ಪರಿಗಣಿಸುವುದೇ ಸರಿಯೆಂದು ನನ್ನ ಮತ. ಯಂತ್ರವನ್ನು ಕೊಂಡಾಗ ಸಾಗಾಣಿಕೆ ಮತ್ತು ಅಳವಡಿಕೆಯ ವೆಚ್ಚವನ್ನು ನಾವು ಯಂತ್ರದ ಬೆಲೆಗೇ ಸೇರಿಸುವುದಿಲ್ಲವೇ? ಕಾಮಗಾರಿಯ ಲೆಕ್ಕಕ್ಕೆ ಸೇರಿಸಿದರೆ ಇನ್ನೊಂದು ಲಾಭವೂ ಉಂಟು. ಫೆಡರಲ್ ಸರಕಾರ ಮತ್ತು ರಾಜ್ಯ ಸರಕಾರಗಳು ಇಂತಹ ಕಾಮಗಾರಿಗಳಲ್ಲಿ ಪಾಲು ಭರಿಸುವ ಪದ್ಧತಿ ಇರುವುದರಿಂದ ಅವರ ಪಾಲನ್ನು ಈ ವೆಚ್ಚಕ್ಕೂ ಕೇಳಲು ಆಧಾರ ದೊರೆಯುತ್ತದೆ. ‘ಇತರೆ ಖರ್ಚು’ ಎಂದು ಬೇರೆ ಪುಟದಲ್ಲಿ ಬರೆದವನಿಗೆ ಆ ಅವಕಾಶ ಕಡಿಮೆ.

ಮೂರನೆಯ ಮೂಲ ಸ್ವಾರಸ್ಯಕರ. ಫ್ಲಾರಿಡಾದ ವಾಹನ ಮಾಲೀಕರು ಹೆಚ್ಚುವರಿ ಶುಲ್ಕ ತೆತ್ತು ಕಡಲಾಮೆಯ ಚಿತ್ರವುಳ್ಳ ನಂಬರ್ ಪ್ಲೇಟು ಪಡೆಯಬಹುದು. ಆ ಹಣದ ಬಹುಪಾಲು ರಾಜ್ಯದ ಆಮೆ ಸಂರಕ್ಷಣಾ ವಿಭಾಗಕ್ಕೆ, ಉಳಿದ ಪಾಲು ಅನುದಾನಗಳಿಗೆ ಹೋಗುತ್ತದೆ. ತಾನಾಗಿ ಇಷ್ಟಪಟ್ಟು ತೆರುವ ತೆರಿಗೆ ಎಂದರೆ ಇದೊಂದೇ ಇರಬೇಕು.

ಲಾಭ ಯಾರಿಗೆ, ಖರ್ಚು ಯಾರಿಗೆ ಎಂಬ ಪ್ರಶ್ನೆ ತೀರ ಬಿಗಿಯಾಗಿ ಎದುರಾದದ್ದು ಇಂಡಿಯನ್ ರಿವರ್ ಎಂಬ ಮತ್ತೊಂದು ಕೌಂಟಿಯಲ್ಲಿ. ಬಿರುಗಾಳಿಯಲ್ಲಿ ಮನೆ ಕಳೆದುಕೊಳ್ಳುವ ಅಪಾಯಕ್ಕೆ ಸಿಕ್ಕಿದ ತೀರದ ಮನೆಯೊಡೆಯರು ತುರ್ತು ತಡೆಗೋಡೆ ಕಟ್ಟಿಕೊಳ್ಳಲು ಕೌಂಟಿ ಅನುಮತಿ ಕೊಡುತ್ತದೆ. ಗೋಡೆಯಿಂದ ಗೂಡಿಗೆ ಹಾನಿಯಾಗುವ ಸಂಭವವಿರುವುದರಿಂದ ಅನುಮತಿ ಕೊಟ್ಟ ಕೌಂಟಿಯೇ ಫೆಡರಲ್ ಪರವಾನಗಿ ಪಡೆಯಬೇಕಾಯಿತು. 2004ರಲ್ಲಿ 30 ವರ್ಷಗಳ ಅವಧಿಗೆ ಅದು ದೊರೆಯಿತು. ಅವಧಿಯುದ್ದಕ್ಕೂ ತೀರದ ಗೂಡುಗಳ ಮೇಲೆ ನಿಗಾ ಇರುವಂತೆ ನೋಡಿಕೊಳ್ಳುವ ಹೊಣೆ ಕೌಂಟಿಯದು. ಉಳಿಯುವುದು ಖಾಸಗಿ ಮನೆ. ಮೂವತ್ತು ವರ್ಷದ ಬದ್ಧತೆ ಸಾರ್ವಜನಿಕ ಹಣದ ಮೇಲೆ. ಗೋಡೆ ಕಟ್ಟಿಕೊಂಡವರಿಂದ ವಾರ್ಷಿಕ ಶುಲ್ಕ ವಸೂಲಿ ಮಾಡುವುದು ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ. ಆದರೆ ಚಂಡಮಾರುತ ಬಂದ ಮರುದಿನ, ಮನೆಯ ಅಡಿಪಾಯ ಬಯಲಾಗಿ ನಿಂತವರ ಮುಂದೆ, ಶುಲ್ಕದ ಮಾತನ್ನು ಎತ್ತುವ ಧೈರ್ಯ ಯಾವ ಚುನಾಯಿತ ಸದಸ್ಯನಿಗಿದೆ?

ನಿಗಾ ವೆಚ್ಚಕ್ಕೆ ಪ್ರತಿಫಲ ಬಂದ ಬಗೆ

2013ರಲ್ಲಿ ವನ್ಯಜೀವಿ ಇಲಾಖೆಯು ಲಾಗರ್‌ಹೆಡ್ ಆಮೆಗಾಗಿ ಆರು ರಾಜ್ಯಗಳಲ್ಲಿ ಸುಮಾರು 740 ಮೈಲಿ ಕಡಲತೀರವನ್ನು ‘ನಿರ್ಣಾಯಕ ಆವಾಸ’ವೆಂದು ಘೋಷಿಸುವ ಪ್ರಸ್ತಾವ ಹೊರಡಿಸಿತು. ಉತ್ತರ ಕೆರೊಲಿನಾದ ಬ್ರನ್ಸ್‌ವಿಕ್, ಕಾರ್ಟರೆಟ್ ಮೊದಲಾದ ಕೌಂಟಿಗಳು ಗಟ್ಟಿಯಾಗಿ ವಿರೋಧಿಸಿದವು. ಮರಳು ತುಂಬುವ ಕಾಮಗಾರಿಗಳು ತಡವಾಗಿ, ವೆಚ್ಚ ಏರಿ, ಪ್ರವಾಸೋದ್ಯಮ ಸೊರಗುತ್ತದೆಂಬುದು ಅವುಗಳ ಅಳಲು. 2014ರ ಜುಲೈನ ಅಂತಿಮ ಆದೇಶದಲ್ಲಿ ಉದ್ದ ಸುಮಾರು 685 ಮೈಲಿಗೆ ಇಳಿಯಿತು. ಹೊರಗುಳಿದವು ಯಾವುವು? ಫ್ಲಾರಿಡಾದ ಸೇಂಟ್ ಜಾನ್ಸ್, ವೊಲೂಶಿಯಾ, ಇಂಡಿಯನ್ ರಿವರ್ ಕೌಂಟಿಗಳಲ್ಲಿ ಸಂರಕ್ಷಣಾ ಯೋಜನೆಗೆ ಒಳಪಟ್ಟ ತೀರಗಳು. ವರ್ಷಗಟ್ಟಲೆ ನಿಗಾ ಇಟ್ಟು, ಹಣ ತೆತ್ತು, ದಾಖಲೆ ಕಾಪಾಡಿದ ಕೌಂಟಿಗಳಿಗೆ ವಿನಾಯಿತಿ ದೊರೆಯಿತು. ನಿರ್ಣಯ ಮಂಡಿಸಿ ಪ್ರತಿಭಟಿಸಿದ ಕೌಂಟಿಗಳ ತೀರಗಳು ಪಟ್ಟಿಯಲ್ಲಿಯೇ ಉಳಿದವು. ನಿಗಾ ವೆಚ್ಚಕ್ಕೆ ಎದುರಾಗಿ ಜಮಾ ಕಡೆಯಲ್ಲಿ ಬರೆಯಲು ಏನೂ ಇಲ್ಲವೆನ್ನುವವರು ಈ ಆದೇಶವನ್ನು ಓದಬೇಕು.

ಫಲಿತಾಂಶದ ಲೆಕ್ಕವೂ ಉಂಟು. 1989ರಿಂದ ಒಂದೇ ಪದ್ಧತಿಯಲ್ಲಿ ಆಯ್ದ ತೀರಗಳಲ್ಲಿ ಗಣತಿ ನಡೆದುದರಿಂದಲೇ, 1998ರ ತರುವಾಯ ಸುಮಾರು ಒಂದು ದಶಕ ಲಾಗರ್‌ಹೆಡ್ ಗೂಡುಗಳು ಇಳಿಮುಖವಾದದ್ದು ಗೊತ್ತಾಯಿತು. ಮತ್ತೆ ಏರಿದ್ದೂ ಗೊತ್ತಾಯಿತು. 2023ರಲ್ಲಿ ಫ್ಲಾರಿಡಾದಲ್ಲಿ 1,33,000ಕ್ಕೂ ಹೆಚ್ಚು ಲಾಗರ್‌ಹೆಡ್ ಗೂಡುಗಳೂ 76,000ಕ್ಕೂ ಹೆಚ್ಚು ಹಸಿರು ಆಮೆಯ ಗೂಡುಗಳೂ ದಾಖಲಾದವು. ಗೂಡುಗಳು ಹೆಚ್ಚಿದಷ್ಟೂ ಗುರುತಿಸುವ, ಎಣಿಸುವ ಕೆಲಸ ಹೆಚ್ಚುತ್ತದೆ. ಯಶಸ್ಸಿನಿಂದಲೇ ಬಿಲ್ಲು ದೊಡ್ಡದಾಗುವ ವಿಚಿತ್ರ ಬಾಬು ಇದು. ಪ್ರತಿ ಗೂಡನ್ನೂ ಎಣಿಸದೆ ಮಾದರಿಯನ್ನಷ್ಟೇ ಆಯ್ದು ಎಣಿಸಬಾರದೇಕೆಂದು ಕೇಳಿದರೆ ತಪ್ಪಿಲ್ಲ. ಲೆಕ್ಕಪರಿಶೋಧಕರಾದ ನಾವೂ ಪ್ರತಿ ವೋಚರನ್ನು ನೋಡುವುದಿಲ್ಲ.

ನಮ್ಮ ಕರಾವಳಿಗೆ ಸಂಬಂಧಿಸಿದಂತೆ

ಕರ್ನಾಟಕದ ತೀರದಲ್ಲಿ ಗೂಡು ಕಟ್ಟುವುದು ಆಲಿವ್ ರಿಡ್ಲೆ ಆಮೆ. ಉತ್ತರ ಕನ್ನಡದ ತೀರಗಳು ಇದಕ್ಕೆ ಹೆಸರಾದವು. 2024ರಲ್ಲಿ ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲಿಯೂ ಗೂಡುಗಳು ಕಂಡು ಅರಣ್ಯ ಇಲಾಖೆ ಅವುಗಳನ್ನು ರಕ್ಷಿಸಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಚ್ಛೇದದಲ್ಲಿ ಈ ಆಮೆಯ ಹೆಸರಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಆಮೆ ಗೂಡು ಕಟ್ಟುವ ತಾಣಗಳನ್ನು ಅತ್ಯಂತ ಕಟ್ಟುನಿಟ್ಟಾದ ವರ್ಗಕ್ಕೆ ಸೇರಿಸಿದೆ. ತೀರದಲ್ಲಿ ಅನುಮೋದನೆ ಪಡೆಯುವ ಯೋಜನೆಗಳು ಷರತ್ತುಗಳ ಪಾಲನೆಯ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸತಕ್ಕದ್ದು. ವರದಿಯ ಹಿಂದೆ ಅಳತೆಯಿದೆ, ಅಳತೆಯ ಹಿಂದೆ ಆಳಿನ ಕೂಲಿಯಿದೆ.

ಆಮೆಗಾಗಿ ಮಾಡದೆ ಉಳಿಸಿದ ಖರ್ಚು ಎಷ್ಟು ದುಬಾರಿಯಾಗಬಹುದೆಂಬುದನ್ನು ಮೀನುಗಾರಿಕೆ ಕ್ಷೇತ್ರ ಈಗಾಗಲೇ ಕಂಡಿದೆ. ಟ್ರಾಲ್ ಬಲೆಗೆ ಸಿಕ್ಕ ಆಮೆಯನ್ನು ಹೊರಬಿಡುವ ಸಾಧನವನ್ನು ಅಳವಡಿಸದ ದೇಶಗಳಿಂದ ಸೀಗಡಿ ಕೊಳ್ಳಬಾರದೆಂಬುದು ಅಮೆರಿಕದ ಕಾನೂನು. ಭಾರತವು ಮಲೇಶಿಯಾ, ಪಾಕಿಸ್ತಾನ, ಥಾಯ್ಲೆಂಡ್‌ಗಳೊಡನೆ ಇದನ್ನು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿತು. 1998ರ ಮೇಲ್ಮನವಿ ತೀರ್ಪು ಜಾರಿಯ ವಿಧಾನದಲ್ಲಿದ್ದ ಪಕ್ಷಪಾತವನ್ನು ಆಕ್ಷೇಪಿಸಿತೇ ಹೊರತು ಆಮೆಯ ರಕ್ಷಣೆಗಾಗಿ ಕ್ರಮ ಕೈಗೊಳ್ಳುವ ಹಕ್ಕನ್ನು ಅಲ್ಲಗಳೆಯಲಿಲ್ಲ. 2019ರಲ್ಲಿ ಕಡಲಿನಲ್ಲಿ ಹಿಡಿದ ನಮ್ಮ ಸೀಗಡಿಗೆ ಅಮೆರಿಕದ ಮಾರುಕಟ್ಟೆ ಮುಚ್ಚಿತು. ಕೊಳದಲ್ಲಿ ಸಾಕಿದ ಸೀಗಡಿಗೆ ಈ ನಿರ್ಬಂಧವಿಲ್ಲ. ಬಲೆಗೆ ಜೋಡಿಸುವ ಕಬ್ಬಿಣದ ಜಾಲರಿಯ ಬೆಲೆಯೆಷ್ಟು, ಕೈತಪ್ಪಿದ ಮಾರುಕಟ್ಟೆಯ ಬೆಲೆಯೆಷ್ಟು ಎಂಬ ಲೆಕ್ಕವನ್ನು ಕರಾವಳಿಯ ಸದಸ್ಯರು ನನಗಿಂತ ಚೆನ್ನಾಗಿ ಬಲ್ಲರು.

ಅನುಮೋದನೆಗಾಗಿ ಅರ್ಜಿ ಹಾಕುವ ಸದಸ್ಯರು ಷರತ್ತುಗಳ ಕರಡು ಕೈಗೆ ಬಂದಾಗಲೇ ಕೆಲವು ವಿಷಯಗಳನ್ನು ಬರಹದಲ್ಲಿ ಕೇಳಿ ಪಡೆಯುವುದು ಒಳಿತು: ನಿಗಾ ಎಷ್ಟು ವರ್ಷ, ಯಾವ ಅರ್ಹತೆಯವರಿಂದ, ಯಾವ ಫಲಿತಾಂಶ ಬಂದರೆ ಅದು ಕೊನೆಗೊಳ್ಳುತ್ತದೆ, ಉದ್ದಿಮೆ ಮಾರಾಟವಾದರೆ ಹೊಣೆ ಯಾರಿಗೆ. ಅನುಮೋದನೆಯ ಸಹಿ ಬಿದ್ದ ಮೇಲೆ ಇವನ್ನು ತಿದ್ದಿಸುವುದು ಕಷ್ಟಸಾಧ್ಯ. ವೊಲೂಶಿಯಾ ಕೌಂಟಿಗೆ 2005ರಲ್ಲಿ ನವೀಕರಣವಾದ ಪರವಾನಗಿಯ ಅವಧಿ 25 ವರ್ಷ. ಅಲ್ಲಿನ ಮಂಡಳಿಯು 2030ರೊಳಗೆ ಹೊಸ ಷರತ್ತುಗಳ ಕರಡನ್ನು ಮುಂದಿಟ್ಟುಕೊಂಡು ಇವೇ ಪ್ರಶ್ನೆಗಳನ್ನು ಕೇಳಬೇಕಾಗಿದೆ.